ಕೆಟಲ್ಲಿನ ಬೆನ್ನು

ಬಸ್ಸಿನ ಕಿಟಕಿ ಪಕ್ಕ ಕೂತು ಅವನು ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸೇರಿಕೊಂಡಿದ್ದ ಬಂಗಾರ ಬಣ್ಣದ ಗ್ಲಿಟರ್ ಪುಡಿಯನ್ನು ಎಡಗೈ ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ತೆಗೆದದ್ದು ಎಡಗೈ ಉಗುರಿಗೆ ಹತ್ತಿಕೊಂಡಿತು. ಪ್ಯಾಂಟಿಗೆ ಒರೆಸಿದ, ಪ್ಯಾಂಟು ಮಿನುಗಿತು. ಬೇಡದ ನೆಂಟನ ಹಾಗೆ ಈ ಪುಡಿ, ಒಂದು ಕಡೆಯಿಂದ ಎಬ್ಬಿಸಿದರೆ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಪಕ್ಕದಲ್ಲಿ ಕೂತಿದ್ದ ಮನುಷ್ಯ ಒಮ್ಮೆ ಅವನ ಕೈ ನೋಡಿ, ಒಮ್ಮೆ ಮುಖ ನೋಡಿ, ತನ್ನ ಮೊಣಕಾಲನ್ನು ತುಸು ಆಚೆ ಸರಿಸಿಕೊಂಡ. ಅಷ್ಟಕ್ಕೇ ಅವನ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ಇವನನ್ನು ಕಳ್ಳ ಎಂದು ಇನ್ನೂ ಯಾರೂ ಅಂದಿರಲಿಲ್ಲ, ಆದರೂ ಎರಡೂ ಹೆಗಲು ಮುಟ್ಟಿಕೊಳ್ಳುತ್ತಿದ್ದ. ‘ಯಾರೋ ಒಬ್ಬ ಹೆಂಗಸು.’ ಹಾಗೆ ಅಂದಿದ್ದ. ಅಂದು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ, ಬಾಯಲ್ಲಿ ಆ ಮಾತಿನ ರುಚಿ ಹಾಗೇ ಇತ್ತು. ಎಷ್ಟು ಸಲೀಸಾಗಿ ಬಂದಿತ್ತು! ತೊದಲಲಿಲ್ಲ, ತಡವರಿಸಲಿಲ್ಲ. ನಿಜ ಹೇಳುವಾಗ ಮಾತ್ರ ಗಂಟಲಲ್ಲಿ ಮುಳ್ಳು ಸಿಕ್ಕಿದವನಂತೆ ಒದ್ದಾಡುವ ತಾನು, ಕಟ್ಟಿಕೊಂಡ ಹೆಂಡತಿಯನ್ನು ‘ಯಾರೋ’ ಮಾಡುವಾಗ ರೇಡಿಯೋದಲ್ಲಿ ವಾರ್ತೆ ಓದುವವನಷ್ಟು ಸ್ಪಷ್ಟವಾಗಿ ಮಾತಾಡಿದ್ದನಲ್ಲ ಎಂದು ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಕಂಡಕ್ಟರು ಬಂದು ಎರಡನೇ ಸಲ ಟಿಕೆಟ್ ಕೇಳಿದ. ಆಗಲೇ ತೆಗೆದುಕೊಂಡಿದ್ದೇನೆ ಎಂದು ಹೇಳಲೂ ಅವನಿಗೆ ಧೈರ್ಯ ಸಾಲದೆ ಜೇಬು ತಡಕಾಡಿದ.

ಆ ಕಚೇರಿಯ ಮೆಟ್ಟಿಲು ಹತ್ತುವಾಗಲೇ ಕಾಲು ಹಿಂದೇಟು ಹಾಕಿತ್ತು. ಒಂದು ಕಾಲದಲ್ಲಿ ದಿನಾ ಹತ್ತಿದ ಮೆಟ್ಟಿಲೇ. ಹಳೇ ಫೈಲುಗಳ ವಿಭಾಗವನ್ನು ಮುಚ್ಚಿದಾಗ ಅದರ ಜೊತೆ ಮುಚ್ಚಿಹೋದವನು ಇವನು. ‘ಸ್ವಂತದ್ದು ಶುರು ಮಾಡ್ತಿದೀನಿ, ಕನ್ಸಲ್ಟಿಂಗು’ ಎಂದು ನಕ್ಕು, ಬೀಳ್ಕೊಡುಗೆಯೂ ಬೇಡವೆಂದು, ಊಟದ ಡಬ್ಬಿ ಹಿಡಿದು ಮಧ್ಯಾಹ್ನವೇ ಹೊರಟುಬಂದಿದ್ದ. ಆಮೇಲೆ ಆ ಬೀದಿಗೆ ತಲೆಹಾಕಿರಲಿಲ್ಲ. ಈಗ ಅಲ್ಲಿನ ಕ್ಯಾಷಿಯರು ನಿವೃತ್ತರಾಗುತ್ತಿದ್ದರು, ಎಲ್ಲರೂ ‘ಮೀಸೆ’ ಎಂದು ಕರೆಯುತ್ತಿದ್ದವರು. ಟೀ ಎಂದರೆ ಪ್ರಾಣ ಬಿಡುವ ಮನುಷ್ಯ, ಹಾಗಾಗಿ ಕೆಟಲ್ಲಿನ ಆಕಾರದ ಕಾರ್ಡುಗಳು ಬೇಕು, ಒಬ್ಬೊಬ್ಬರೂ ಒಂದೊಂದರಲ್ಲಿ ಬರೆದುಕೊಡುತ್ತೇವೆ ಎಂದು ಹೊಸದಾಗಿ ಬಂದ ಮ್ಯಾನೇಜರ್ ಹೆಂಗಸು ಸ್ಟೇಷನರಿ ಅಂಗಡಿಯವನಿಂದ ಕಾರ್ಡು ಮಾಡುವವಳ ನಂಬರು ತೆಗೆದುಕೊಂಡು ಅವನ ಹೆಂಡತಿಗೇ ಫೋನು ಮಾಡಿದ್ದಳು. ಫೋನಿಟ್ಟ ಮೇಲೆ ಹೆಂಡತಿ ಅವನ ಮುಖವನ್ನೇ ಓದುತ್ತಾ, “ನೀವು ಹೋಗ್ತೀರೋ, ನಾನೇ ಕೊಟ್ಟು ಬರ್ಲೋ? ನಿಮ್ಮ ಹಳೇ ಆಫೀಸು. ಒಂಥರಾ ಆಗೋದಾದ್ರೆ ಹೇಳಿ ರೀ,” ಎಂದಿದ್ದಳು. “ಒಂಥರಾ ಏನ್ ಬಂತು? ಬಿಸಿಲಲ್ಲಿ ನೀನ್ಯಾಕೆ,” ಎಂದಿದ್ದ. ಬಿಸಿಲಿನ ಮಾತು ಬರೀ ನೆಪ. ಅವನ ಕಣ್ಣ ಮುಂದೆ ಬಂದದ್ದೇ ಬೇರೆ: ಹಿಮ್ಮಡಿ ಸವೆದ ಚಪ್ಪಲಿ ಹಾಕಿಕೊಂಡು, ಶೂ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು, ಆ ಕಚೇರಿಯ ನುಣುಪು ಬೆಂಚಿನ ತುದಿಯಲ್ಲಿ ಕೂತ ಇವಳು, ಇವಳು ಯಾರ ಹೆಂಡತಿ ಎಂದು ಬಾಗಿಲ ಸಂದಿಯಲ್ಲಿ ಪಿಸುಗುಟ್ಟುವವರು. ಆ ಚಿತ್ರವನ್ನು ತಪ್ಪಿಸಲು ತಾನೇ ಹೋಗಿದ್ದ. ಹೋದರೆ ಪೆಟ್ಟಿಗೆ ಅವನ ಎದೆಯ ಮೇಲಿತ್ತು.

“ಏನ್ ಸಾರ್, ಕನ್ಸಲ್ಟಿಂಗ್ ಜೋರಾ?” ಎಂದರು ಕಚೇರಿಯ ಹಳಬರು. “ನಡೀತಿದೆ,” ಎಂದ. “ಈ ಕಡೆ ಬರೋದಿತ್ತು, ಇದನ್ನ ಕೊಟ್ಟು ಹೋಗೋಣ ಅಂತ.” ಮೀಸೆಯವರು ಅವನ ಬೆನ್ನು ತಟ್ಟಿದರು. ಮ್ಯಾನೇಜರ್ ಬಂದು ಪೆಟ್ಟಿಗೆ ತೆರೆದಳು, ಅಯ್ಯೋ ಎಷ್ಟು ಮುದ್ದಾಗಿದೆ ಎಂದಳು, ಎಲ್ಲರೂ ಮುತ್ತಿಕೊಂಡರು. ಕೆಟಲ್ಲಿನ ಮುಚ್ಚಳದ ಗುಬಟು, ಬಾಗಿದ ಮೂತಿ, ಹಿಡಿಕೆಯ ಒಳಗಿನ ಸಣ್ಣ ಕಿಂಡಿ, ಅಂಚಿಗೆ ಸುರಿದ ಬಂಗಾರದ ಪುಡಿ. ಕಿಂಡಿ ಕೊರೆದವನು ಅವನೇ. ಮೂರು ದಿನ ಬ್ಲೇಡು ಹಿಡಿದು ಹಿಡಿದು ತೋರುಬೆರಳು ಜಡ್ಡುಗಟ್ಟಿತ್ತು. ಯಾರೋ ಗುಮಾಸ್ತ ಒಂದು ಕಾರ್ಡನ್ನು ಎತ್ತಿ ಮೂತಿ ಹಿಡಿದು ಎಳೆದ, ಇನ್ನೇನು ಹರಿಯಬೇಕು, ಅವನ ಬಾಯಿಂದ ತಾನಾಗಿ ಬಂದಿತು: “ಹಾಗಲ್ಲ ಹಾಗಲ್ಲ, ಬೆನ್ನು ಹಿಡಿಕೆ ಕಡೆ ಇದೆ! ಮೂತಿ ಎಳೀಬೇಡಿ!” ದನಿ ಸ್ವಲ್ಪ ಜೋರಾಗಿಯೇ ಬಂದಿತ್ತು, ಮಗುವನ್ನು ಕಾಲು ಹಿಡಿದು ಎತ್ತಿದವನನ್ನು ಗದರಿಸುವ ಹಾಗೆ. ಎಲ್ಲರೂ ಅವನತ್ತ ತಿರುಗಿದರು. “ಏನ್ ಸಾರ್, ಇಷ್ಟೆಲ್ಲಾ ಗೊತ್ತಲ್ಲ ನಿಮಗೆ, ನೀವೇ ಮಾಡಿದ್ದಾ?” ಎಂದಳು ಮ್ಯಾನೇಜರ್, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ. ಹಿಂದಿನಿಂದ ಒಬ್ಬ, “ಇವರಾ! ಪಿನ್ ಹೊಡೆಯೋಕೂ ಜವಾನನ್ನ ಕರೀತಿದ್ರು,” ಎಂದ. ನಗು ಎದ್ದಿತು. ಒಳ್ಳೆಯ ನಗುವೇ, ಯಾರೂ ಅವನನ್ನು ಹೀಯಾಳಿಸಿರಲಿಲ್ಲ. ಆ ನಗುವಿನಲ್ಲೇ ಹೌದು ಅನ್ನಬಹುದಿತ್ತು. ಹೌದ್ರೀ, ನಾನೂ ನನ್ನ ಹೆಂಡತಿಯೂ ಕೂತು ಮಾಡಿದ್ದು ಅಂದಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. “ಛೇ ಛೇ, ನಾನೆಲ್ಲಿ,” ಎಂದ. “ಯಾರೋ ಒಬ್ಬ ಹೆಂಗಸು, ನಮ್ಮ ಮನೆ ಕಡೆ. ಅವಳೇ ಹೇಳಿ ಕಳಿಸಿದ್ಲು, ಹೀಗೆ ಹಿಡೀಬೇಕು ಅಂತ.” ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಸುಳ್ಳಿಗೆ ಕಾಲು ಒಂದೇ, ಊರುಗೋಲು ಬೇಕಾಗುತ್ತದೆ. “ಪಾಪ, ಕಷ್ಟದಲ್ಲಿದ್ದಾಳೆ. ಗಂಡನಿಗೆ ಕೆಲಸ ಇಲ್ಲವಂತೆ, ಮನೇಲೇ ಬಿದ್ದಿರ್ತಾನಂತೆ. ಹೊಟ್ಟೆಪಾಡು ನೋಡಿ. ಅದಕ್ಕೇ ನಾನೇ ತಂದುಕೊಟ್ಟೆ.” ಮ್ಯಾನೇಜರಳ ಮುಖದಲ್ಲಿ ಮರುಕ ಮೂಡಿತು, ಅವನ ಬಗ್ಗೆ ಗೌರವವೂ ಮೂಡಿತು. ಆ ಗೌರವ ಅವನಿಗೆ ಒಂದು ಕ್ಷಣ ಹಿತವಾಗಿತ್ತು. ಬಸ್ಸಿನಲ್ಲಿ ಕೂತು ಅದನ್ನು ನೆನೆದಾಗ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದದ್ದು ಆ ಹಿತವೇ.

ಮನೇಲೇ ಬಿದ್ದಿರ್ತಾನಂತೆ. ಬಿದ್ದಿದ್ದ ಕಾಲವೂ ಇತ್ತು, ಸುಳ್ಳಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿ, ಸುಣ್ಣದ ಬಿರುಕಿನಲ್ಲಿ ಇರುವೆ ಹೋಗುವುದನ್ನು ನೋಡುತ್ತಾ ಮಧ್ಯಾಹ್ನಗಳನ್ನು ತಳ್ಳಿದ್ದ. ಅವಳು ಆಗಲೇ ಕಾರ್ಡು ಮಾಡುತ್ತಿದ್ದಳು, ಅಂಗಿಯ ಡಬ್ಬದ ರಟ್ಟಿನಲ್ಲಿ ಆಕಾರಗಳ ಅಚ್ಚು ಕತ್ತರಿಸಿಟ್ಟುಕೊಂಡು, ಎಲೆ, ಮೀನು, ಕೊಡೆ, ಅರ್ಧಚಂದ್ರ. ಒಂದು ದಿನ ಗೋಡೆಗೆ ಹೇಳುವಂತೆ ಹೇಳಿದಳು: “ಆ ಇರುವೆ ಎಣಿಸಿದ್ದು ಸಾಕು, ಈ ಹಕ್ಕಿ ಒಂದು ಕತ್ತರಿಸಿಕೊಡಿ.” ಅವನು ಎದ್ದು ಬಂದು, ಮಡಚಿದ ಕಾಗದದ ಮೇಲೆ ಅಚ್ಚಿಟ್ಟು, ಶ್ರದ್ಧೆಯಿಂದ ಸುತ್ತಲೂ ಕತ್ತರಿಸಿದ. ಕೊನೆಗೆ ನೋಡಿದರೆ ಮಡಿಕೆಯೂ ಕತ್ತರಿಗೆ ಹೋಗಿತ್ತು, ತೆರೆಯುವ ಕಾರ್ಡಿನ ಬದಲು ಎರಡು ಬಿಡಿ ಹಕ್ಕಿಗಳು ಮೇಜಿನ ಮೇಲೆ ಬಿದ್ದಿದ್ದವು. ಅವಳು ನೋಡಿ, “ಒಂದು ಹಕ್ಕಿ ಕೇಳಿದ್ರೆ ಎರಡು ಕೊಟ್ರಲ್ಲ ರೀ! ಧಾರಾಳಿ ನೀವು!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಅವನು ಕೇಳಿ ಯಾವ ಕಾಲವಾಗಿತ್ತೋ. ಆಮೇಲೆ ಕಣ್ಣೊರೆಸಿಕೊಂಡು ಹೇಳಿಕೊಟ್ಟಳು: ಮಡಿಕೆಯ ಕಡೆಗೆ ಬೆನ್ನು ಅನ್ನಬೇಕು. ಆಕಾರ ಯಾವುದೇ ಇರಲಿ, ಎಲ್ಲಾದರೂ ಒಂದು ಕಡೆ ಬೆನ್ನಿಗೆ ಅಂಟಿಕೊಂಡಿರಬೇಕು, ಅಲ್ಲಿ ಕತ್ತರಿ ಆಡಿಸಬಾರದು. ಬೆನ್ನು ಹೋದರೆ ಕಾರ್ಡಿಲ್ಲ, ಬರೀ ತುಂಡು. ಅಂದಿನಿಂದ ಮಡಿಕೆಯ ಕೆಲಸ ಅವನದಾಯಿತು. ರೀಫಿಲ್ ಖಾಲಿಯಾದ ಪೆನ್ನಿನಿಂದ ಗೆರೆ ಎಳೆದು, ಮಡಚಿ, ಚಮಚದ ಹಿಂಬದಿಯಿಂದ ಒತ್ತಿ ಕೊಡುವುದು. ಎದುರುಬದುರು ಸ್ಟೂಲಿನಲ್ಲಿ ಕೂತು, ಒಬ್ಬರ ಕೈ ಇನ್ನೊಬ್ಬರಿಗೆ ತಗಲುತ್ತಾ, ಬೀದಿಯ ಮಾತು, ಕಾಗದದ ಮಾತು, ಮಾತಿಲ್ಲದ ಹೊತ್ತು. ಕಚೇರಿಯಲ್ಲಿ ಇದ್ದಷ್ಟು ವರ್ಷ ಅವಳ ಕೈಬೆರಳು ಹೇಗಿವೆ ಎಂದು ಅವನು ಸರಿಯಾಗಿ ನೋಡಿರಲಿಲ್ಲ. ಸುಖ ಅಂದರೆ ಇದೇ ಇರಬಹುದು ಎಂದು ಎಷ್ಟೋ ಮಧ್ಯಾಹ್ನ ಅನ್ನಿಸಿದ್ದುಂಟು. ಆದರೂ ಕರೆಗಂಟೆ ಬಾರಿಸಿದರೆ ಕತ್ತರಿಯನ್ನು ಪೇಪರಿನ ಕೆಳಗೆ ತಳ್ಳಿ ಪೇಪರು ಓದುವವನಂತೆ ಕೂರುತ್ತಿದ್ದ. ಅವಳು ಅದನ್ನು ನೋಡಿಯೂ ನೋಡದವಳಂತೆ ಹೋಗಿ ಬಾಗಿಲು ತೆರೆಯುತ್ತಿದ್ದಳು.

ಬಸ್ಸಿಳಿದು ಬಂದಾಗ ಮನೆಯ ಕೆಳಗಿನ ಅಂಗಡಿಯ ಟೈಲರು ಹೊಲಿಗೆ ಯಂತ್ರದಿಂದ ತಲೆಯೆತ್ತಿ, “ಏನ್ ಸಾರ್, ಇವತ್ತು ಎಷ್ಟು ಹೃದಯ ಕತ್ತರಿಸಿದ್ರಿ?” ಎಂದ. ದಿನವೂ ಅದೇ ತಮಾಷೆ. ದಿನವೂ ಅವನಿಗೆ ಇಂಗು ತಿಂದ ಮಂಗನ ಮುಖ. ಇವತ್ತು ಮಾತ್ರ ಆ ಪ್ರಶ್ನೆ ನೇರ ಬಂದು ನಾಟಿತು, ಉತ್ತರ ಕೊಡದೆ ಮೆಟ್ಟಿಲು ಹತ್ತಿದ. ಹತ್ತುತ್ತಾ ನಿರ್ಧಾರವನ್ನೂ ಮಾಡಿಕೊಂಡ: ಹೇಳಿಬಿಡುವುದು. ಚಪ್ಪಲಿ ಬಿಟ್ಟ ಕೂಡಲೇ, ನೀರು ಕುಡಿಯುವುದಕ್ಕೂ ಮೊದಲು. ಆದರೆ ಹೆಜ್ಜೆ ಸದ್ದಿಗೇ ಬಾಗಿಲು ತೆರೆದವಳ ಮುಖ ಬೆಳಗುತ್ತಿತ್ತು. “ರೀ, ಕೇಳಿದ್ರಾ! ಆ ಮೇಡಂ ಫೋನ್ ಮಾಡಿದ್ರು, ನೀವು ಅಲ್ಲಿಂದ ಹೊರಟ ಮೇಲೆ. ಕಾರ್ಡು ತುಂಬಾ ಇಷ್ಟ ಆಯ್ತಂತೆ. ನನ್ನನ್ನ ನೋಡ್ಬೇಕಂತೆ, ಇನ್ನೂ ದೊಡ್ಡ ಆರ್ಡರ್ ಇದೆಯಂತೆ. ಇವತ್ತೇ ಬರ್ತಾರಂತೆ, ಇಲ್ಲಿಗೇ! ಮನೆ ಎಲ್ಲಿ ಅಂತ ಕೇಳಿದ್ರು, ಹೇಳ್ದೆ.” ಅವನು ಒಂದು ಚಪ್ಪಲಿ ಕಳಚಿ ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ನಿಂತ. ಅವಳು ಸ್ವಲ್ಪ ನಾಚಿ, ದನಿ ತಗ್ಗಿಸಿ, “ನನ್ನ ಬಗ್ಗೆ ಏನೇನೋ ಹೇಳಿದೀರಂತೆ ಅಲ್ಲಿ. ಏನ್ ಹೇಳಿದ್ರಿ?” ಎಂದಳು. “ಏನಿಲ್ಲ,” ಎಂದ ಅವನು. “ಚೆನ್ನಾಗಿ ಮಾಡ್ತಾಳೆ ಅಂದೆ.” “ಅಷ್ಟೇನಾ?” “ಅಷ್ಟೇ.” ಅವಳು ಅಷ್ಟನ್ನೇ ತೆಗೆದುಕೊಂಡು ಖುಷಿಯಾಗಿ ಒಳಗೆ ಹೋದಳು, ಮೇಜು ಒರೆಸಿದಳು, ಕಿಟಕಿಯ ಸರಳಿಗೆ ನೇತುಹಾಕಿದ್ದ ಒದ್ದೆ ಬಟ್ಟೆ ತೆಗೆದಳು, ತಲೆ ಬಾಚಿಕೊಂಡು ಬೇರೆ ಸೀರೆ ಉಟ್ಟು ಬಂದಳು. ಅವನು ಇನ್ನೊಂದು ಚಪ್ಪಲಿಯನ್ನೂ ಕಳಚಿದ.

ಹೇಳುವುದಕ್ಕೆ ಹೊತ್ತಿತ್ತು. ಬೇಕಾದಷ್ಟಿತ್ತು. ಮೇಜಿನ ಎದುರು ಕೂತು ಅವಳು ಮೀನಿನ ಕಣ್ಣಿಗೆ ಗೋಂದು ಹಚ್ಚುತ್ತಿದ್ದಳು, ಅವನು ಮಡಿಕೆ ಒತ್ತಿ ಕತ್ತರಿಸುತ್ತಿದ್ದ. ಒಂದೊಂದು ಮಡಿಕೆಗೂ ಒಂದೊಂದು ಸಲ ವಾಕ್ಯವನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡ. ‘ಒಂದು ವಿಷಯ ಕಣೇ.’ ‘ಒಂದು ಎಡವಟ್ಟಾಗಿದೆ.’ ‘ನಗಬೇಡ, ಹೇಳ್ತೀನಿ.’ ನಗುವ ವಿಷಯವಾಗಿ ಮಾಡಿದರೆ ಹೇಗೆ ಎಂದೂ ಯೋಚಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಅದರಲ್ಲಿ ನಗುವುದಕ್ಕೆ ಏನಿದೆ? ಕಚೇರಿಯಲ್ಲಿ ನೀನು ನನ್ನ ಹೆಂಡತಿ ಅಲ್ಲ ಅಂದೆ. ನಿನಗೊಬ್ಬ ಗಂಡನಿದ್ದಾನೆ, ಕೈಲಾಗದವನು, ಅಂದೆ. ಮದುವೆಯಾದ ಹೊಸದರಲ್ಲಿ ಒಮ್ಮೆ, ಬಸ್ ನಿಲ್ದಾಣದ ನೂಕುನುಗ್ಗಲಲ್ಲಿ, ಅವಳು ಯಾರದೋ ಕಾಲು ತುಳಿದು ಆ ಮನುಷ್ಯ ಬೈದಾಗ, ಇವನು ಎರಡು ಹೆಜ್ಜೆ ಆಚೆ ನಿಂತು ಗಡಿಯಾರ ನೋಡಿಕೊಂಡಿದ್ದ. ಅವಳು ಅದನ್ನು ಮರೆತಿರಬಹುದು, ಅವನು ಮರೆತಿರಲಿಲ್ಲ. ಆ ಎರಡು ಹೆಜ್ಜೆ ಇವತ್ತು ಎಷ್ಟು ದೂರವಾಗಿದೆ ನೋಡು ಎಂದುಕೊಂಡ. “ನಾನು ಸ್ವಲ್ಪ ಹೊರಗೆ ಹೋಗಿ ಬರ್ಲಾ?” ಎಂದ ಕೊನೆಗೆ. “ಎಲ್ಲಿಗೆ? ಅವರು ಬರೋ ಹೊತ್ತು,” ಎಂದಳು ತಲೆಯೆತ್ತದೆ. “ನೀವೂ ಇರಬೇಡ್ವಾ? ಇಬ್ಬರೂ ಸೇರಿ ಮಾಡೋದು ತಾನೇ. ನಾನೇ ಹೇಳ್ತೀನಿ ಅವರಿಗೆ, ಕಿಂಡಿ ಕೊರೆದಿದ್ದು ಇವರು ಅಂತ. ನೀವು ನಾಚ್ಕೋತೀರಿ.” ಅಷ್ಟರಲ್ಲಿ ಅವನ ಕೈಯಲ್ಲಿದ್ದ ಕತ್ತರಿ ಮಡಿಕೆಯ ಮೇಲೇ ಹಾದುಹೋಗಿ ಮೀನು ಎರಡಾಯಿತು. ಎರಡನ್ನೂ ಅವನು ಅಂಗಿಯ ಜೇಬಿಗೆ ಸೇರಿಸಿಕೊಂಡ. ಅವಳು ನೋಡಲಿಲ್ಲ. ಕರೆಗಂಟೆ ಬಾರಿಸಿತು. ಎಂದಿನ ಅಭ್ಯಾಸದಲ್ಲಿ ಅವನ ಕೈ ಕತ್ತರಿಯನ್ನು ಪೇಪರಿನ ಕೆಳಗೆ ತಳ್ಳಿತು.

ಮ್ಯಾನೇಜರ್ ಒಳಗೆ ಬಂದವಳೇ ಅವನನ್ನು ಕಂಡು, “ಅರೆ ಸಾರ್, ನೀವೂ ಬಂದಿದೀರಾ!” ಎಂದಳು. ಅವನು ಎದ್ದು ನಿಂತಿದ್ದ. ತನ್ನ ಮನೆಗೆ ಬಂದವರನ್ನು ಕಂಡು ಎದ್ದದ್ದೋ, ಪರರ ಮನೆಯಲ್ಲಿ ಸಿಕ್ಕಿಬಿದ್ದು ಎದ್ದದ್ದೋ, ನೋಡುವವರಿಗೆ ಎರಡೂ ಒಂದೇ. ಹೆಂಡತಿ ಕುರ್ಚಿ ಸರಿಸುತ್ತಾ, “ಬನ್ನಿ ಮೇಡಂ, ಕೂತ್ಕೊಳ್ಳಿ. ಇವರು ನಮ್ಮ...” ಎಂದು ಶುರು ಮಾಡಿದಳು.

“ಗೊತ್ತು ಗೊತ್ತು, ಇವರು ಹೇಳ್ದೇ ಇದ್ದಿದ್ರೆ ನಿಮ್ಮ ವಿಷಯ ನಮಗೆ ತಿಳೀತಾನೇ ಇರ್ಲಿಲ್ಲ,” ಎಂದಳು ಮ್ಯಾನೇಜರ್, ಅವಳ ಎರಡೂ ಕೈ ಹಿಡಿದುಕೊಂಡು. “ಯಾರೋ ನಮ್ಮ ಮನೆ ಕಡೆಯ ಹೆಂಗಸು, ಕಷ್ಟದಲ್ಲಿದ್ದಾರೆ ಅಂತ, ತಾವೇ ಡಬ್ಬ ಹೊತ್ಕೊಂಡು ಬಂದ್ರು ನೋಡಿ. ಈ ಕಾಲದಲ್ಲಿ ಯಾರು ಮಾಡ್ತಾರೆ ಹೇಳಿ, ಸಂಬಂಧ ಇಲ್ಲ ಬಳಗ ಇಲ್ಲ! ನಾನು ಅವಾಗ್ಲೇ ಅಂದ್ಕೊಂಡೆ, ಹೋಗಿ ನೋಡ್ಬೇಕು ಅಂತ.”

ಅವಳು ಕೈಗಳನ್ನು ಬಿಡಿಸಿಕೊಳ್ಳಲಿಲ್ಲ. ಮ್ಯಾನೇಜರಳ ಹೆಗಲ ಮೇಲಿಂದ ಅವನತ್ತ ನೋಡಿದಳು. ಆ ಕಣ್ಣಲ್ಲಿ ಕೋಪವಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ನೀರು ತುಂಬಿದ್ದರೂ ತಡೆದುಕೊಳ್ಳುತ್ತಿದ್ದ. ಲೆಕ್ಕ ತಪ್ಪಿದ ಅಚ್ಚನ್ನು ಎಲ್ಲಿ ತಪ್ಪಿತು ಎಂದು ಹುಡುಕುವಾಗ ನೋಡುತ್ತಾಳಲ್ಲ, ಆ ನೋಟ. ಹುಡುಕಿದಳು, ಸಿಕ್ಕಿತು, ಅಷ್ಟೇ. ನೆಲ ಬಿರಿದು ನುಂಗಬಾರದೇ ಅನ್ನುತ್ತಾರೆ. ನೆಲ ಗಟ್ಟಿಯಾಗಿಯೇ ಇತ್ತು, ಬೆಳಿಗ್ಗೆ ತಾನೇ ಅವನೇ ಒರೆಸಿದ ನೆಲ.

“ನಿಮ್ಮ ಯಜಮಾನರಿಗೆ ಕೆಲಸ ಇಲ್ಲವಂತೆ,” ಎಂದಳು ಮ್ಯಾನೇಜರ್, ದನಿಯಲ್ಲಿ ಮರುಕ ತುಂಬಿ. “ಮನೇಲೇ ಇರ್ತಾರಂತೆ. ಎಲ್ಲಾ ನಿಮ್ಮ ಮೇಲೇ ಅಂತೆ.”

“ಇಲ್ಲ ಮೇಡಂ, ಇವರಿಗೆ ಯಾರೋ ತಪ್ಪು ಹೇಳಿರಬೇಕು,” ಎಂದಳು ಅವಳು. ದನಿ ಸ್ವಲ್ಪವೂ ನಡುಗಲಿಲ್ಲ. “ನಮ್ಮೋರು ಕೆಲಸಕ್ಕೆ ಹೋಗಿದಾರೆ. ಕತ್ತಲಾಗೋ ಹೊತ್ತಿಗೆ ಬರ್ತಾರೆ. ಒಂದಿನ ಸುಮ್ನೆ ಕೂತೋರಲ್ಲ ಅವರು. ಈ ಕೆಟಲ್ಲಿನ ಕಿಂಡಿ ನೋಡಿದ್ರಲ್ಲ, ಅದು ಅವರೇ ಕೊರೆದಿದ್ದು. ಮಡಿಕೆಯೆಲ್ಲಾ ಅವರದೇ ಕೈ. ನನಗೆ ಅಷ್ಟು ನೀಟಾಗಿ ಬರಲ್ಲ.”

“ಹೌದಾ!” ಎಂದಳು ಮ್ಯಾನೇಜರ್, ಅವನತ್ತ ತಿರುಗಿ ನಗುತ್ತಾ. “ನೋಡಿ ಸಾರ್, ಪಾಪ, ಅವರನ್ನ ಸುಮ್ಮನೆ ಬೈದ್ರಿ ನೀವು.”

ಈಗ, ಎಂದುಕೊಂಡ. ಈಗ ಹೇಳದಿದ್ದರೆ ಇನ್ನಿಲ್ಲ. ಆ ಗಂಡ ನಾನೇ ಮೇಡಂ. ಐದೇ ಸೆಕೆಂಡಿನ ಮಾತು. ಆದರೆ ಹೇಳಿದರೆ ಅವಳು ಈಗಷ್ಟೇ ಗಂಡನ ಮಾನ ಉಳಿಸಲು ಆಡಿದ ಸುಳ್ಳೂ ಬಯಲಾಗುತ್ತದೆ, ಅವಳೂ ಸುಳ್ಳಿಯಾಗುತ್ತಾಳೆ ಎಂದು ಮನಸ್ಸು ಒಂದು ನೆಪ ಹುಡುಕಿಕೊಟ್ಟಿತು. ಒಳ್ಳೆಯ ನೆಪ, ಅವಳಿಗಾಗಿಯೇ ಎಂಬಂಥ ನೆಪ. ಅದನ್ನು ಹಿಡಿದುಕೊಂಡು ಅವನು “ಹಾಗಂತ ಯಾರೋ ಅಂದ್ರು,” ಎಂದು ಗೊಣಗಿದ. ತನ್ನ ದನಿ ತನಗೇ ಕೇಳಿ ಅಸಹ್ಯವಾಯಿತು.

ಆಗ ಅವಳು ಅವನತ್ತ ತಿರುಗಿ, “ನೀವಿನ್ನು ಹೊರಡಿ ಸಾರ್. ನಿಮ್ಮ ಮನೇಲೂ ಕಾಯ್ತಿರ್ತಾರೆ. ಉಪಕಾರ ಆಯ್ತು,” ಎಂದಳು. ನಮ್ಮ ಮಾತಿನಲ್ಲಿ ಗಂಡನಿಗೂ ನೀವು, ದಾರಿಹೋಕನಿಗೂ ನೀವು. ಇಷ್ಟು ವರ್ಷ ಅವಳು ಅವನನ್ನು ಕರೆದದ್ದೂ ಅದೇ ನೀವು, ಈಗ ಕರೆದದ್ದೂ ಅದೇ. ಕೇಳಿದವರಿಗೆ ಎಳ್ಳಷ್ಟೂ ವ್ಯತ್ಯಾಸ ತಿಳಿಯುವಂತಿರಲಿಲ್ಲ. ‘ರೀ’ ಇದ್ದ ಜಾಗದಲ್ಲಿ ‘ಸಾರ್’ ಬಂದು ಕೂತಿತ್ತು, ಅಷ್ಟೇ. ಅವನು ತಲೆಯಾಡಿಸಿದ. ಬಾಗಿಲ ಬಳಿ ಅವನ ಚಪ್ಪಲಿ ಅವಳ ಚಪ್ಪಲಿಗೆ ಒತ್ತಿಕೊಂಡು ಬಿದ್ದಿತ್ತು, ಒಂದರ ಮೇಲೊಂದು, ಮನೆಯವರ ಚಪ್ಪಲಿ ಬೀಳುವ ಹಾಗೆ. ಅದನ್ನು ಬಿಡಿಸಿ ಮೆಟ್ಟಿಕೊಳ್ಳುವಾಗ ಮ್ಯಾನೇಜರ್ ಎಲ್ಲಿ ನೋಡುತ್ತಾಳೋ ಎಂದು ಬೆನ್ನು ಅಡ್ಡ ಮಾಡಿ ನಿಂತ. ಯಾರೂ ನೋಡುತ್ತಿರಲಿಲ್ಲ. ಒಳಗೆ ಅವಳು ಆಗಲೇ ಅಚ್ಚುಗಳನ್ನು ಹರಡಿ, ದೋಣಿಯ ಆಕಾರ ಮಾಡಿದರೆ ಚೆನ್ನಾಗಿರುತ್ತದೆ ಎನ್ನುತ್ತಿದ್ದಳು. ಅವನು ಹೊರಗೆ ಬಂದು, ತನ್ನ ಮನೆಯ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಟೈಲರ ಅಂಗಡಿಯ ಬೆಂಚಿನ ಮೇಲೆ ಕೂತ. ಎಲ್ಲಿಗಾದರೂ ಹೋಗೋಣವೆಂದರೆ ಕಾಲಿಗೆ ಊರೇ ತೋಚಲಿಲ್ಲ. “ಮನೆಗೆ ನೆಂಟರು ಬಂದಂಗಿದೆ?” ಎಂದ ಟೈಲರು, ಹಲ್ಲಿನಿಂದ ದಾರ ಕಡಿಯುತ್ತಾ. “ಹೂಂ. ಅವಳ ಕಡೆಯವರು,” ಎಂದ. ಅದೂ ಸುಳ್ಳೇ, ಕೇಳುವ ಮೊದಲೇ ಸಿದ್ಧವಾಗಿತ್ತು. “ಹೆಂಡ್ತಿ ಕಡೆಯೋರು ಬಂದ್ರೆ ಗಂಡಸು ಬೀದಿಗೆ ಬೀಳೋದು ಎಲ್ಲಾ ಕಡೆ ಇದ್ದಿದ್ದೇ ಬಿಡಿ ಸಾರ್,” ಎಂದು ಟೈಲರು ನಕ್ಕು ಯಂತ್ರ ತುಳಿದ. ಕಾಲರು, ತೋಳು, ಗುಂಡಿಮನೆ. ಮೇಲೆ ಕಿಟಕಿಯಲ್ಲಿ ಇಬ್ಬರು ಹೆಂಗಸರ ದನಿ, ಆಮೇಲೆ ನಗು. ಅವಳೂ ನಗುತ್ತಿದ್ದಳು. ಅದು ಎರಡು ಹಕ್ಕಿಯ ದಿನದ ನಗು ಅಲ್ಲ, ಗಿರಾಕಿಗೆ ನಗುವ ನಗು ಎಂದು ಗುರುತಿಸುವಷ್ಟು ಅವಳನ್ನು ಬಲ್ಲೆ ಎಂಬುದೊಂದೇ ಆ ಹೊತ್ತಿನ ಸಮಾಧಾನ. ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ. ಮ್ಯಾನೇಜರ್ ಮೆಟ್ಟಿಲಿಳಿದು ಬರುವಾಗ ಅಂಗಡಿಯಲ್ಲಿ ತೂಗುತ್ತಿದ್ದ ಪ್ಯಾಂಟುಗಳ ಹಿಂದೆ ಅವನು ಸರಿದು ಕೂತ. 

ಕಾರು ಹೋದ ಕೂಡಲೇ ಎದ್ದ. ಎದ್ದವನು ಮತ್ತೆ ಕೂತ. ಕತ್ತಲಾಗೋ ಹೊತ್ತಿಗೆ ಬರ್ತಾರೆ ಎಂದಿದ್ದಾಳೆ. ಬೆಳಕಿರುವಾಗ ಹೋದರೆ ಯಾರಾಗಿ ಹೋಗುವುದು? ಟೈಲರು ದೀಪ ಹಾಕಿದ. ಅವಳು ಹೇಳಿದ ಆ ಇನ್ನೊಬ್ಬನನ್ನು ಅವನು ಯೋಚಿಸಿದ: ಈಗ ಎಲ್ಲೋ ಕೆಲಸ ಮುಗಿಸಿ ಕೈ ತೊಳೆಯುತ್ತಿರುವವನು, ದಣಿದಿದ್ದರೂ ಮನೆಗೆ ಬಂದು ಸ್ಟೂಲೆಳೆದು ಕೂತು ಮಡಿಕೆ ಒತ್ತುವವನು, ‘ಹೆಂಡತಿ’ ಎಂಬ ಮಾತನ್ನು ಯಾರ ಮುಂದೆಯೂ ನುಂಗದವನು. ಅವನ ಮೇಲೆ ಇವನಿಗೆ ಹೊಟ್ಟೆಕಿಚ್ಚಾಯಿತು. ಅಂಥವನು ಒಬ್ಬ ಇದ್ದಾನೆಂದು ಅವಳು ಇಷ್ಟು ದಿನ ನಂಬಿದ್ದಳೋ, ಇಲ್ಲ ಇವತ್ತೇ ಆ ಗಳಿಗೆಯಲ್ಲೇ ಅವನನ್ನು ಕಾಗದದಿಂದ ಕತ್ತರಿಸಿ ಎತ್ತಿ ತೋರಿಸಿದಳೋ ಗೊತ್ತಾಗಲಿಲ್ಲ. ಏನೇ ಇರಲಿ, ಹೋಗಿ ಕಾಲು ಹಿಡಿದಾದರೂ ಸರಿ, ಎಂದುಕೊಂಡು, ಬೀದಿದೀಪ ಹತ್ತಿದ ಮೇಲೆ ಮೆಟ್ಟಿಲು ಹತ್ತಿದ.

ಎಂದೂ ತಟ್ಟದ ಬಾಗಿಲನ್ನು ತಟ್ಟಿದ. ಅವಳು ತೆರೆದು, “ಬನ್ನಿ, ಕೂತ್ಕೊಳ್ಳಿ,” ಎಂದಳು. ಮತ್ತೆ ಹಳೇ ಕಾಟನ್ ಸೀರೆ ಉಟ್ಟಿದ್ದಳು. ಕುಡಿಯಲು ನೀರು ತಂದುಕೊಟ್ಟಳು, ಅವನ ಎಂದಿನ ಲೋಟದಲ್ಲಿ ಅಲ್ಲ, ಬಂದವರಿಗೆ ಕೊಡುವ ಗಾಜಿನ ಲೋಟದಲ್ಲಿ, ತಟ್ಟೆಯ ಮೇಲಿಟ್ಟು. ಅವನು ಅವಳ ಮುಖದಲ್ಲಿ ಕೊಂಕು ಹುಡುಕಿದ. ಇರಲಿಲ್ಲ. ಕೊಂಕಿದ್ದರೆ ಅದನ್ನು ಹಿಡಿದು ಜಗಳವಾಡಬಹುದಿತ್ತು, ಅತ್ತುಬಿಡಬಹುದಿತ್ತು. “ಬಾಯಿ ತಪ್ಪಿ ಬಂತು ಕಣೇ,” ಎಂದ. “ನಾನು ಹಾಗಂತ... ಅವರೆಲ್ಲಾ ನಕ್ಕರು, ಆಗ...” “ಇರಲಿ ಬಿಡಿ,” ಎಂದಳು. “ನನಗೆ ನಾಚಿಕೆ ಆಗಿದ್ದು ನಿನ್ನಿಂದ ಅಲ್ಲ, ನನ್ನಿಂದ. ಅರ್ಥ ಮಾಡ್ಕೋ,” ಎಂದ ಅವನು. “ಅರ್ಥ ಆಯ್ತು. ಇರಲಿ ಬಿಡಿ,” ಎಂದಳು ಮತ್ತೆ, ಮಗ್ಗುಲು ಮನೆಯವರು ಲೋಟ ಒಡೆದಾಗ ಹೇಳುವಷ್ಟೇ ಮೃದುವಾಗಿ. ಹೋಗಿ ಮೇಜಿನ ಎದುರು ಕೂತಳು. ದೋಣಿಯ ಆಕಾರದ ಅಚ್ಚು ಸಿದ್ಧವಾಗಿತ್ತು, ನೀಲಿ ಕಾಗದದ ದಪ್ಪ ಕಟ್ಟು ಅದರ ಪಕ್ಕದಲ್ಲಿತ್ತು. ಅವಳೆದುರಿನ ಸ್ಟೂಲು ಅಲ್ಲಿರಲಿಲ್ಲ. ಅದು ಕಿಟಕಿಯ ಕೆಳಗೆ ಹೋಗಿತ್ತು, ಅದರ ಮೇಲೆ ಗೋಂದಿನ ಡಬ್ಬ, ಹಳೇ ಪೇಪರಿನ ಕಟ್ಟು ಕೂತಿದ್ದವು.

ಅವನು ಕುರ್ಚಿಯಲ್ಲಿ, ಮ್ಯಾನೇಜರ್ ಕೂತಿದ್ದ ಕುರ್ಚಿಯಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವಳು ಗೆರೆ ಎಳೆದಳು, ಮಡಚಿದಳು, ಚಮಚದಿಂದ ಒತ್ತಿದಳು. ಮಡಿಕೆ ತುಸು ವಾರೆಯಾಯಿತು, ಬಿಡಿಸಿ ಮತ್ತೆ ಮಡಚಿದಳು. ಇನ್ನೊಂದೂ ವಾರೆಯಾಯಿತು. ನೋಡುತ್ತಾ ಅವನ ಬೆರಳುಗಳು ತಾವಾಗಿ ಚಡಪಡಿಸಿದವು. ಗಂಟಲು ಸರಿಮಾಡಿಕೊಂಡು, ಬೇರೆಯವರ ಮನೆಯಲ್ಲಿ ಅನುಮತಿ ಕೇಳುವವನ ದನಿಯಲ್ಲಿ, “ಮಡಿಕೆ ನಾನು ಒತ್ತಿಕೊಡ್ಲಾ?” ಎಂದ.

“ಬೇಡ ಬಿಡಿ,” ಎಂದಳು ಅವಳು, ಕಾಗದದಿಂದ ಕಣ್ಣು ತೆಗೆಯದೆ. “ಅಭ್ಯಾಸ ಇಲ್ಲದ ಕೈ. ಕುಯ್ದುಕೊಂಡೀತು.”